ಕೈಜಾರಿದ ಹದಿನಾಲ್ಕು ಚೆಂಡು

2017ರ ಏಪ್ರಿಲ್ 3ರ ರಾತ್ರಿ. ಅಮೆರಿಕದ ಅರಿಝೋನಾ ರಾಜ್ಯದ ಗ್ಲೆಂಡೇಲ್‌ನಲ್ಲಿ 76 ಸಾವಿರಕ್ಕೂ ಹೆಚ್ಚು ಜನ ಕಿಕ್ಕಿರಿದ ಕ್ರೀಡಾಂಗಣ. ಕಾಲೇಜು ಬಾಸ್ಕೆಟ್‌ಬಾಲ್‌ನ ಪುರುಷರ ಫೈನಲ್ ಕೊನೆಯ ನಿಮಿಷಕ್ಕೆ ಬಂದಿದೆ. ನಾರ್ತ್ ಕೆರೊಲಿನಾ 66, ಗೊನ್ಝಾಗಾ 65. ನೆಲಕ್ಕೆ ಬಿದ್ದ ಚೆಂಡಿಗಾಗಿ ಆಟಗಾರರು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ನಾರ್ತ್ ಕೆರೊಲಿನಾದ ಕೆನಡಿ ಮೀಕ್ಸ್, ಗೊನ್ಝಾಗಾದ ಸೈಲಸ್ ಮೆಲ್ಸನ್ ಇಬ್ಬರೂ ಚೆಂಡಿನ ಮೇಲಿನ ಹಿಡಿತ ಬಿಡುವುದಿಲ್ಲ. ರೆಫರಿ ಸೀಟಿ ಊದುತ್ತಾರೆ. ಇಬ್ಬರೂ ಹಿಡಿದ ಚೆಂಡು ಯಾರದ್ದೂ ಅಲ್ಲ ಎಂಬ ತೀರ್ಪು. ಇಂಥ ಹೊತ್ತಿನಲ್ಲಿ ಚೆಂಡು ಯಾರಿಗೆ ಹೋಗಬೇಕೆಂದು ತೋರಿಸಲು ಸ್ಕೋರರ್ ಮೇಜಿನ ಮೇಲೊಂದು ಬಾಣದ ಗುರುತು ಇರುತ್ತದೆ. ಒಮ್ಮೆ ಈ ತಂಡದ ಕಡೆ, ಮುಂದಿನ ಸಲ ಆ ತಂಡದ ಕಡೆ ಎಂದು ಅದನ್ನು ತಿರುಗಿಸುತ್ತಿರುತ್ತಾರೆ. ಆ ಕ್ಷಣ ಬಾಣ ನಾರ್ತ್ ಕೆರೊಲಿನಾ ಕಡೆಗಿತ್ತು. ಆದರೆ ಟಿ.ವಿ.ಯ ರೀಪ್ಲೇಯಲ್ಲಿ ಬೇರೆಯದೇ ಕಂಡಿತು: ಮೀಕ್ಸ್ ಅವರ ಒಂದು ಅಂಗೈ ಅಂಕಣದ ಗೆರೆಯಾಚೆ ನೆಲಕ್ಕೆ ಊರಿತ್ತು. ಗೆರೆಯಾಚೆ ಮೈತಾಗಿಸಿಕೊಂಡವನು ಚೆಂಡು ಮುಟ್ಟಿದರೆ ಚೆಂಡು ಹೊರಹೋದಂತೆಯೇ. ಅದು ಗೊನ್ಝಾಗಾಕ್ಕೆ ಸಿಗಬೇಕಿತ್ತು. ಸಿಗಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ನಾರ್ತ್ ಕೆರೊಲಿನಾದ ಐಸಾಯಾ ಹಿಕ್ಸ್ ಎರಡು ಅಂಕ ಹಾಕಿದರು. ಪಂದ್ಯ 71-65ಕ್ಕೆ ಮುಗಿಯಿತು.

ಆ ಫೈನಲ್ ಬಗ್ಗೆ ಅಭಿಮಾನಿಗಳು ಮಾತಿಗೆ ಕೂತರೆ ಮೊದಲು ಬರುವುದು ಆ ಅಂಗೈ. ಅದರ ಹಿಂದೆಯೇ ಫೌಲ್‌ಗಳ ಲೆಕ್ಕ. 40 ನಿಮಿಷದ ಆಟದಲ್ಲಿ 44 ಫೌಲ್, ಅಂದರೆ ನಿಮಿಷಕ್ಕೊಂದಕ್ಕಿಂತ ಹೆಚ್ಚು ಸಲ ಸೀಟಿ. ಆಟ ಓಡಲೇ ಇಲ್ಲ, ನಡೆದದ್ದೆಲ್ಲ ಫೌಲ್‌ಗೆ ಸಿಗುವ ಫ್ರೀ ಥ್ರೋಗಳ ಗೆರೆಯಲ್ಲಿ ಎಂದು ಎರಡೂ ಕಡೆಯವರು ಬೇಸರಪಟ್ಟರು. ಗೊನ್ಝಾಗಾದ ಎತ್ತರದ ಹುಡುಗ ಝ್ಯಾಕ್ ಕಾಲಿನ್ಸ್ 14 ನಿಮಿಷ ಆಡುವಷ್ಟರಲ್ಲೇ ಐದು ಫೌಲ್ ತುಂಬಿ, ಇನ್ನೂ ಸುಮಾರು ಐದು ನಿಮಿಷದ ಆಟ ಬಾಕಿಯಿರುವಾಗಲೇ ಬೆಂಚಿಗೆ ಹೋಗಬೇಕಾಯಿತು. ಈ ದೂರುಗಳಲ್ಲಿ ಸುಳ್ಳಿಲ್ಲ. ಆದರೆ ಆ ಪಂದ್ಯದ ಅಂಕಿಪಟ್ಟಿಯಲ್ಲಿ ಇನ್ನೊಂದು ಸಾಲಿದೆ, ಅದರ ಬಗ್ಗೆ ಮಾತು ಕಡಿಮೆ. ಗೊನ್ಝಾಗಾ 14 ಸಲ ಚೆಂಡು ಕಳೆದುಕೊಂಡಿತು, ನಾರ್ತ್ ಕೆರೊಲಿನಾ ಕೇವಲ 4 ಸಲ. ಹೀಗೆ ಚೆಂಡು ಕಳೆದುಕೊಳ್ಳುವುದಕ್ಕೆ ಟರ್ನೋವರ್ ಎನ್ನುತ್ತಾರೆ. ಸೀಟಿಯ ಬಗ್ಗೆ ನಡೆಯುವ ಜಗಳವನ್ನು ಈ ಸಾಲಿನ ಪಕ್ಕ ಇಟ್ಟು ನೋಡಬೇಕು ಎಂಬುದು ನನ್ನ ವಾದ. ಡಿಫೆನ್ಸ್, ಟರ್ನೋವರ್, ರೆಫರಿ ಎಂದು ಅಭಿಮಾನಿಗಳು ಮೂರು ಬೇರೆ ಬೇರೆ ತಕರಾರು ಎತ್ತುತ್ತಾರೆ. ನಿಜಕ್ಕೂ ಅವು ಒಂದೇ ಲೆಕ್ಕದ ಮೂರು ಸಾಲು. ತನ್ನ ಗೆಲುವಿನ ಎಷ್ಟು ಪಾಲನ್ನು ರೆಫರಿಯ ಬಾಯಿಗೆ ಒಪ್ಪಿಸಬೇಕು ಎಂಬುದನ್ನು ತಂಡ ತಾನು ಆಡುವ ರೀತಿಯಿಂದಲೇ ಬಹುಮಟ್ಟಿಗೆ ತೀರ್ಮಾನಿಸಿಬಿಡುತ್ತದೆ.

ಈ ಜಗಳ ಅಲ್ಲಿ ಇಷ್ಟು ಬಿಸಿಯಾಗಲು ಕಾರಣವಿದೆ. ಅಮೆರಿಕದ ಕಾಲೇಜು ತಂಡವೆಂದರೆ ನಮ್ಮ ಅಂತರಕಾಲೇಜು ಪಂದ್ಯಾವಳಿಯ ತಂಡದಂತಲ್ಲ. ಅದು ಒಂದು ಊರಿನ, ಕೆಲವೊಮ್ಮೆ ಇಡೀ ರಾಜ್ಯದ ತಂಡ. ಅಜ್ಜ ಓದಿದ ಕಾಲೇಜಿಗೆ ಮೊಮ್ಮಗಳು ಜೈಕಾರ ಹಾಕುತ್ತಾಳೆ. ಮೇಲಿನ ವಿಭಾಗದಲ್ಲೇ 350ಕ್ಕೂ ಹೆಚ್ಚು ತಂಡಗಳಿವೆ. ಅವುಗಳಲ್ಲಿ 68 ತಂಡಗಳು ಮಾರ್ಚ್ ತಿಂಗಳ ರಾಷ್ಟ್ರೀಯ ಪಂದ್ಯಾವಳಿಗೆ ಬರುತ್ತವೆ. ಅಲ್ಲಿ ಒಮ್ಮೆ ಸೋತರೆ ಮನೆಗೆ. ವೃತ್ತಿಪರ ಲೀಗ್‌ನಲ್ಲಿ ಏಳು ಪಂದ್ಯಗಳ ಸರಣಿಯಿರುತ್ತದೆ, ಇವತ್ತಿನ ತಪ್ಪು ನಾಡಿದ್ದು ಸರಿಹೋಗಬಹುದು. ಇಲ್ಲಿ ನಾಡಿದ್ದು ಎಂಬುದೇ ಇಲ್ಲ. ನಾಲ್ಕು ವರ್ಷ ಒಂದೇ ಅಂಗಿ ತೊಟ್ಟ ಹುಡುಗನ ಕೊನೆಯ ಪಂದ್ಯ ಒಂದು ಸೀಟಿಯಲ್ಲಿ ಮುಗಿದುಹೋಗಬಹುದು. ಆ ನೋವನ್ನು ಹಗುರವಾಗಿ ಕಾಣುವವರಿಗೆ ಈ ಆಟ ಅರ್ಥವಾಗಿಲ್ಲ ಎಂದೇ ಹೇಳಬೇಕು.

ಬಾಸ್ಕೆಟ್‌ಬಾಲ್ ಹೆಚ್ಚು ನೋಡದವರಿಗೆ ಇದರ ಲೆಕ್ಕ ಹೇಳಲು ಕಬಡ್ಡಿಯಷ್ಟು ಒಳ್ಳೆಯ ದಾರಿ ಬೇರಿಲ್ಲ. ಕಬಡ್ಡಿಯಲ್ಲಿ ಒಂದು ತಂಡದ ರೈಡ್ ಮುಗಿದ ಮೇಲೆ ಇನ್ನೊಂದು ತಂಡದ ರೈಡ್. ರೈಡರ್‌ಗೆ 30 ಸೆಕೆಂಡ್. ಯಾರು ಎಷ್ಟೇ ಬಲಶಾಲಿಯಾಗಿರಲಿ, ರೈಡ್‌ಗಳ ಸಂಖ್ಯೆ ಇಬ್ಬರಿಗೂ ಹೆಚ್ಚುಕಡಿಮೆ ಸಮ. ಬಾಸ್ಕೆಟ್‌ಬಾಲ್ ಕೂಡ ಹಾಗೆಯೇ ನಡೆಯುತ್ತದೆ. ಚೆಂಡು ಕೈಗೆ ಬಂದಾಗಿನಿಂದ ಎದುರಾಳಿಯ ಕೈ ಸೇರುವವರೆಗೆ ಒಂದು ಸರದಿ. ಅಲ್ಲಿಯವರು ಅದನ್ನು ಪೊಸೆಷನ್ ಎನ್ನುತ್ತಾರೆ. ಕಾಲೇಜು ಪುರುಷರ ಆಟದಲ್ಲಿ ಒಂದು ಸರದಿಯಲ್ಲಿ ಬುಟ್ಟಿಯತ್ತ ಚೆಂಡು ಎಸೆಯಲು 2015-16ರಿಂದ 30 ಸೆಕೆಂಡ್ ಗಡುವಿದೆ, ಅದಕ್ಕೂ ಮೊದಲು 35 ಇತ್ತು. ಒಂದು ಪಂದ್ಯದಲ್ಲಿ ಪ್ರತಿ ತಂಡಕ್ಕೂ ಸುಮಾರು 70 ಸರದಿ ಸಿಗುತ್ತದೆ, ಒಂದು ಸರದಿಗೆ ಸರಾಸರಿ ಒಂದು ಅಂಕದ ಆಸುಪಾಸು ಬರುತ್ತದೆ. ಇನ್ನು ಟರ್ನೋವರ್ ಅಂದರೆ, ರೈಡರ್ ಯಾರನ್ನೂ ಮುಟ್ಟದೆ ತಾನೇ ಗೆರೆ ದಾಟಿ ಔಟಾದ ಹಾಗೆ. ಪಾಸ್ ಎದುರಾಳಿಯ ಕೈಗೆ ಹೋಯಿತು, ಡ್ರಿಬಲ್ ಮಾಡುವಾಗ ಚೆಂಡು ಕಾಲಿಗೆ ತಾಗಿತು, ಹೆಜ್ಜೆ ತಪ್ಪಿತು. ಬುಟ್ಟಿಯತ್ತ ಎಸೆಯುವ ಅವಕಾಶವೇ ಇಲ್ಲದೆ ಸರದಿ ಹೋಯಿತು. ಎಸೆದು ತಪ್ಪಿದ ಚೆಂಡಿಗೆ ಇನ್ನೂ ಆಸೆಯಿರುತ್ತದೆ. ಹತ್ತರಲ್ಲಿ ಸುಮಾರು ಮೂರು ಸಲ ಅದು ಮರಳಿ ಸ್ವಂತ ತಂಡದವರ ಕೈಗೇ ಬೀಳುತ್ತದೆ. ಕೈಜಾರಿದ ಚೆಂಡಿಗೆ ಆ ಆಸೆಯೂ ಇಲ್ಲ.

ಟರ್ನೋವರ್‌ಗಳಲ್ಲೂ ಎರಡು ಬಗೆ ಇವೆ, ಇದನ್ನು ಅಭಿಮಾನಿಗಳು ಒಮ್ಮೊಮ್ಮೆ ಒಟ್ಟಿಗೆ ಸೇರಿಸಿಬಿಡುತ್ತಾರೆ. ಚೆಂಡು ಗೆರೆಯಾಚೆ ಹೋದರೆ ಸೀಟಿ ಕೇಳಿಸುತ್ತದೆ, ಆಟ ನಿಲ್ಲುತ್ತದೆ, ಐದೂ ಜನ ಓಡಿ ಬಂದು ತಮ್ಮ ಬುಟ್ಟಿಯ ಮುಂದೆ ನಿಲ್ಲಲು ಸಮಯ ಸಿಗುತ್ತದೆ. ಆದರೆ ಅಂಕಣದ ನಡುವೆ ಎದುರಾಳಿ ಚೆಂಡು ಕಸಿದರೆ ಆಟ ನಿಲ್ಲುವುದೇ ಇಲ್ಲ. ಕಸಿದವನ ಮುಂದೆ ಬಯಲು ಬುಟ್ಟಿ, ಕಾಯಲು ಒಬ್ಬನೋ ಇಬ್ಬರೋ. ಅಂಥ ಓಟದಲ್ಲಿ ಸರಾಸರಿಗಿಂತ ಬಹಳ ಹೆಚ್ಚು ಅಂಕ ಬರುತ್ತದೆ. ಒಂದೇ ತಪ್ಪಿಗೆ ಎರಡು ದಂಡ: ತನ್ನ ಸರದಿ ಹೋಯಿತು, ಎದುರಾಳಿಗೆ ಸುಲಭದ ಸರದಿ ಸಿಕ್ಕಿತು. ಹಾಗಾಗಿ ತಂಡದ ಡಿಫೆನ್ಸ್ ಕೆಟ್ಟಿದೆ ಎಂದು ಬೈಯುವಾಗ ಅದರ ಮೂಲ ಡಿಫೆನ್ಸ್‌ನಲ್ಲೇ ಇರಬೇಕೆಂದಿಲ್ಲ. ಹತ್ತು ಸೆಕೆಂಡ್ ಹಿಂದೆ ಅಂಕಣದ ಆ ಕೊನೆಯಲ್ಲಿ ಎಸೆದ ಒಂದು ಸೋಮಾರಿ ಪಾಸ್‌ನಲ್ಲಿರಬಹುದು. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಈ ಆಟ ನೋಡಿದ ಡೀನ್ ಆಲಿವರ್ 2004ರ ತಮ್ಮ ಪುಸ್ತಕದಲ್ಲಿ ವೃತ್ತಿಪರ ಆಟವನ್ನು ಮುಂದಿಟ್ಟುಕೊಂಡು ಗೆಲುವಿಗೆ ನಾಲ್ಕು ಅಂಶಗಳನ್ನು ಗುರುತಿಸಿದರು. ಎಸೆತದ ನಿಖರತೆಗೆ ನೂರಕ್ಕೆ ಸುಮಾರು 40 ಪಾಲು, ಟರ್ನೋವರ್‌ಗೆ 25, ತಪ್ಪಿದ ಎಸೆತದ ಚೆಂಡು ಹಿಡಿಯುವ ರೀಬೌಂಡ್‌ಗೆ 20, ಫ್ರೀ ಥ್ರೋಗೆ 15. ರೆಫರಿಯ ಸೀಟಿ ಹೆಚ್ಚಾಗಿ ತಟ್ಟುವುದು ಆ ಕೊನೆಯ 15ನ್ನು. ಈ ಪಾಲುಗಳು ಕಲ್ಲಿನ ಮೇಲೆ ಕೆತ್ತಿದ್ದಲ್ಲ, ಕಾಲೇಜು ಆಟದಲ್ಲಿ ಅಷ್ಟಿಷ್ಟು ಬದಲಾದಾವು. ಆದರೆ ಯಾವುದು ಹಿರಿದು, ಯಾವುದು ಕಿರಿದು ಎಂಬ ಅಂದಾಜಿಗೆ ಸಾಕು.

ಈಗ ಗ್ಲೆಂಡೇಲ್‌ಗೆ ಮರಳೋಣ. ನಾರ್ತ್ ಕೆರೊಲಿನಾ ಆ ರಾತ್ರಿ ಚೆನ್ನಾಗಿ ಎಸೆಯಲೇ ಇಲ್ಲ. ಮೂರು ಅಂಕದ ಗೆರೆಯಾಚೆಯಿಂದ 27 ಎಸೆತ, ಬುಟ್ಟಿ ಸೇರಿದ್ದು 4. ಒಟ್ಟು 73 ಎಸೆತದಲ್ಲಿ 26. ಇಷ್ಟು ಕೆಟ್ಟದಾಗಿ ಎಸೆದ ತಂಡ ರಾಷ್ಟ್ರೀಯ ಚಾಂಪಿಯನ್ ಆಗುವುದು ಅಪರೂಪ. ಅಂದರೆ ಗೊನ್ಝಾಗಾದ ಡಿಫೆನ್ಸ್ ತನ್ನ ಕೆಲಸ ಮಾಡಿತ್ತು. ಇಡೀ ಋತುವಿನಲ್ಲಿ ದೇಶದ ಅತ್ಯುತ್ತಮ ಡಿಫೆನ್ಸ್‌ಗಳಲ್ಲಿ ಒಂದೆಂಬ ಹೆಸರಿಗೆ ತಕ್ಕಂತೆಯೇ ಆಡಿತ್ತು. ಫೌಲ್‌ಗಳು? ಎರಡೂ ತಂಡಕ್ಕೆ 22, 22. ಫ್ರೀ ಥ್ರೋ? ಇಬ್ಬರಿಗೂ 26, 26. ಅದರಲ್ಲಿ ಗೊನ್ಝಾಗಾ 17 ಹಾಕಿತು, ನಾರ್ತ್ ಕೆರೊಲಿನಾ 15. ಸೀಟಿಯಿಂದ ಬಂದ ಅಂಕ ನೋಡಿದರೆ ಸೋತ ತಂಡವೇ ಎರಡು ಅಂಕ ಮುಂದಿತ್ತು. ಹಾಗಾದರೆ ಆರು ಅಂಕದ ಅಂತರ ಬಂದದ್ದೆಲ್ಲಿಂದ? ಗೊನ್ಝಾಗಾ ಎಸೆದದ್ದು 59 ಸಲ, ಎದುರಾಳಿ 73 ಸಲ. ಹದಿನಾಲ್ಕು ಎಸೆತದ ವ್ಯತ್ಯಾಸ. ಅದರಲ್ಲಿ ಕೆಲವು ರೀಬೌಂಡ್‌ನಿಂದ ಬಂದವು. ತಪ್ಪಿದ ಚೆಂಡನ್ನು ಮತ್ತೆ ಹಿಡಿಯುವುದರಲ್ಲಿ ನಾರ್ತ್ ಕೆರೊಲಿನಾ ಆ ವರ್ಷ ದೇಶದಲ್ಲೇ ಮುಂದಿತ್ತು. ಬಹುಪಾಲು ಬಂದದ್ದು ಟರ್ನೋವರ್‌ನ 14 ಮತ್ತು 4ರ ನಡುವಿನ ಆ ಹತ್ತರಿಂದ. ಕೆಟ್ಟದಾಗಿ ಎಸೆಯುವ ತಂಡಕ್ಕೂ ಹತ್ತು ಎಸೆತ ಹೆಚ್ಚಿಗೆ ಕೊಟ್ಟರೆ ಅದು ಹೇಗೋ ಗೆಲ್ಲುವ ದಾರಿ ಕಂಡುಕೊಳ್ಳುತ್ತದೆ. ಇಲ್ಲೊಂದು ಹಳೆಯ ಕೊಂಡಿಯೂ ಇದೆ. 1961ರಿಂದ 1997ರವರೆಗೆ ನಾರ್ತ್ ಕೆರೊಲಿನಾದ ಕೋಚ್ ಆಗಿದ್ದ ಡೀನ್ ಸ್ಮಿತ್, ಪಂದ್ಯಕ್ಕೆ ಎಷ್ಟು ಅಂಕ ಎಂದು ನೋಡುವ ಬದಲು ಸರದಿಗೆ ಎಷ್ಟು ಅಂಕ ಎಂದು ನೋಡಬೇಕೆಂದು ಕಂಪ್ಯೂಟರುಗಳು ಮನೆಮನೆಗೆ ಬರುವ ಎಷ್ಟೋ ಮೊದಲೇ ಲೆಕ್ಕ ಬರೆದಿಟ್ಟವರು. 2017ರಲ್ಲಿ ಬೆಂಚಿನ ಮುಂದೆ ನಿಂತಿದ್ದ ರಾಯ್ ವಿಲಿಯಮ್ಸ್ ಅದೇ ಸ್ಮಿತ್ ಕೈಕೆಳಗೆ ವರ್ಷಗಟ್ಟಲೆ ಸಹಾಯಕರಾಗಿದ್ದವರು.

ಇನ್ನು ಡಿಫೆನ್ಸ್‌ಗೂ ಸೀಟಿಗೂ ಇರುವ ನಂಟು. ಕಾಲೇಜು ಆಟದಲ್ಲಿ ಎದುರಾಳಿಯನ್ನು ತಡೆಯುವ ಪದ್ಧತಿ ಹತ್ತಾರಿವೆ, ಆದರೆ ಎರಡು ತುದಿಗಳನ್ನು ನೋಡಿದರೆ ಸಾಕು. ಒಂದು ತುದಿಯಲ್ಲಿ ಪ್ರೆಸ್. ಎದುರಾಳಿ ಚೆಂಡು ಒಳಗೆಸೆಯುವ ಜಾಗದಿಂದಲೇ, ಇಡೀ ಅಂಕಣದ ಉದ್ದಕ್ಕೂ ಮೈಗೆ ಮೈ ಹಚ್ಚಿ ಬೆನ್ನಟ್ಟುವುದು. 1994ರಲ್ಲಿ ನೋಲನ್ ರಿಚರ್ಡ್ಸನ್ ಅವರ ಅರ್ಕನ್ಸಾ ತಂಡ ಇದೇ ದಾರಿಯಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. 2014-15ರಿಂದ ಬಾಬ್ ಹಗ್ಗಿನ್ಸ್ ಅವರ ವೆಸ್ಟ್ ವರ್ಜೀನಿಯಾ ಅದನ್ನು ಇನ್ನಷ್ಟು ತೀವ್ರವಾಗಿ ಆಡಿತು. ಎದುರಾಳಿಯ ಕೈಯಿಂದ ಚೆಂಡು ಜಾರಿಸುವುದರಲ್ಲಿ ಆ ತಂಡ ದೇಶಕ್ಕೇ ಮುಂದು, ಫೌಲ್ ಮಾಡುವುದರಲ್ಲೂ ಮುಂದು. ಇನ್ನೊಂದು ತುದಿಯಲ್ಲಿ ವರ್ಜೀನಿಯಾದ ಕೋಚ್ ಆಗಿದ್ದ ಟೋನಿ ಬೆನೆಟ್ ತಮ್ಮ ತಂದೆ ಡಿಕ್ ಬೆನೆಟ್ ಅವರಿಂದ ಕಲಿತ ಪ್ಯಾಕ್ ಲೈನ್. ಚೆಂಡಿರುವವನ ಎದುರಿಗೆ ಒಬ್ಬ, ಉಳಿದ ನಾಲ್ವರು ಬುಟ್ಟಿಯಿಂದ ಸುಮಾರು 16 ಅಡಿ ದೂರದ ಒಂದು ಕಾಣದ ಗೆರೆಯ ಒಳಗೆ. ಒಳನುಗ್ಗಲು ಸಂದಿಯೇ ಸಿಗದಂತೆ ಜಾಗ ತುಂಬುವುದು, ಕೈ ಚಾಚಿ ಕಸಿಯಲು ಹೋಗದಿರುವುದು. ಇಲ್ಲಿ ಟರ್ನೋವರ್ ಸಿಗುವುದು ಕಡಿಮೆ, ಫೌಲೂ ಕಡಿಮೆ; ಎದುರಾಳಿಗೆ ದಕ್ಕುವುದು ದೂರದ, ಕಷ್ಟದ ಎಸೆತ.

ಪ್ರೆಸ್ ಆಡುವ ತಂಡ ಪ್ರತಿ ಸರದಿಯಲ್ಲೂ ರೆಫರಿಯ ಮುಂದೆ ಒಂದು ಪ್ರಶ್ನೆ ಇಡುತ್ತದೆ: ಇದು ಫೌಲೋ ಅಲ್ಲವೋ? ಐದು ಜನ ಐದು ಜನರನ್ನು ತಳ್ಳಾಡುತ್ತಿರುವಾಗ ಎಲ್ಲಕ್ಕೂ ಊದಿದರೆ ಪಂದ್ಯವೇ ನಡೆಯದು, ಕೆಲವನ್ನು ಬಿಡಲೇಬೇಕು. ಹೀಗೆ ಬಿಡುವಲ್ಲಿ ಒಂದು ಜಾಡು ಇದೆಯೆಂದು ಕೈಲ್ ಆಂಡರ್ಸನ್ ಮತ್ತು ಡೇವಿಡ್ ಪಿಯರ್ಸ್ 2009ರಲ್ಲಿ ತೋರಿಸಿದರು. 2004-05ರ ಋತುವಿನ 365 ಕಾಲೇಜು ಪಂದ್ಯಗಳ ಫೌಲ್‌ಗಳನ್ನು ಒಂದೊಂದಾಗಿ ನೋಡಿದಾಗ, ಯಾವ ತಂಡದ ಫೌಲ್ ಲೆಕ್ಕ ಕಡಿಮೆಯಿದೆಯೋ ಮುಂದಿನ ಫೌಲ್ ಅದರ ಮೇಲೆಯೇ ಬೀಳುವ ಸಾಧ್ಯತೆ ಹೆಚ್ಚೆಂದು ಕಂಡಿತು. ಅಂತರ ಹಿಗ್ಗಿದಷ್ಟೂ ಆ ಸಾಧ್ಯತೆಯೂ ಹಿಗ್ಗುತ್ತದೆ. ಹೊರಗಿನಿಂದ ಬಂದ ತಂಡದ ಮೇಲೂ, ಮುಂದಿರುವ ತಂಡದ ಮೇಲೂ ಸೀಟಿ ಸ್ವಲ್ಪ ಹೆಚ್ಚು. ಇದನ್ನು ಯಾರೂ ಸಂಚು ಎಂದುಕೊಳ್ಳಬೇಕಿಲ್ಲ. ಜಗಳ ಬಿಡಿಸುವ ಮನುಷ್ಯ ತನಗರಿವಿಲ್ಲದೆಯೇ ತಕ್ಕಡಿ ಸಮವಾಗಿಟ್ಟುಕೊಳ್ಳಲು ನೋಡುತ್ತಾನೆ. ಆದರೆ ಫಲ ದೊಡ್ಡದು: ಒರಟಾಗಿ ಆಡುವ ತಂಡಕ್ಕೆ ಲಾಭ. ಅದು ಮಾಡುವ ತಪ್ಪುಗಳ ಒಂದು ಪಾಲು ಲೆಕ್ಕಕ್ಕೇ ಬರುವುದಿಲ್ಲ, ಸಭ್ಯವಾಗಿ ಆಡುವ ತಂಡದ ಸಣ್ಣ ತಪ್ಪೂ ಲೆಕ್ಕಕ್ಕೆ ಬರುತ್ತದೆ. ಹೀಗಾಗಿ ಗ್ಲೆಂಡೇಲ್‌ನ 22-22 ತನ್ನಷ್ಟಕ್ಕೇ ನ್ಯಾಯದ ಸಾಕ್ಷಿಯಲ್ಲ. ಸಮ ಸಂಖ್ಯೆ ಎಂದರೆ ಸಮ ತಪ್ಪು ಎಂದೇ ಅರ್ಥವಲ್ಲ. ಅಭಿಮಾನಿ ಕೇಳಬೇಕಾದದ್ದು ನಮಗೆ ಎಷ್ಟು, ಅವರಿಗೆ ಎಷ್ಟು ಎಂದಲ್ಲ. ಯಾವ ಬಗೆಯ ಸ್ಪರ್ಶಕ್ಕೆ ಊದಿದರು, ಅದೇ ಬಗೆಯ ಸ್ಪರ್ಶಕ್ಕೆ ಆ ತುದಿಯಲ್ಲೂ ಊದಿದರೋ ಎಂದು.

ನಿಯಮ ಮಾಡುವವರಿಗೂ ಇದು ಗೊತ್ತಿದೆ. 2012-13ರಲ್ಲಿ ಪುರುಷರ ಆಟದಲ್ಲಿ ತಂಡವೊಂದರ ಸರಾಸರಿ ಪಂದ್ಯಕ್ಕೆ 67.5 ಅಂಕಕ್ಕೆ ಕುಸಿಯಿತು, ಮೂವತ್ತು ವರ್ಷಗಳಲ್ಲೇ ಕನಿಷ್ಠ. ಡಿಫೆನ್ಸ್ ಹೆಸರಿನಲ್ಲಿ ಕೈಯಿಂದ ತಳ್ಳುವುದು, ಮೊಣಕೈಯಿಂದ ಒತ್ತಿಹಿಡಿಯುವುದು ಅಷ್ಟು ಹೆಚ್ಚಿತ್ತು. ಮುಂದಿನ ಋತುವಿನಲ್ಲಿ ಚೆಂಡಿರುವವನ ಮೇಲೆ ಎರಡೂ ಕೈ ಇಡುವುದು, ಒಂದೇ ಸಮನೆ ಕೈ ತಾಗಿಸುತ್ತಿರುವುದು ನೇರ ಫೌಲ್ ಎಂದು ಕಟ್ಟುನಿಟ್ಟು ಮಾಡಿದರು. ಸೀಟಿಗಳು ಏರಿದವು, ಅಂಕಗಳೂ ಏರಿದವು, ಅಭಿಮಾನಿಗಳ ದೂರೂ ಏರಿತು. ಊದದಿದ್ದರೆ ಕುಸ್ತಿ, ಊದಿದರೆ ಫ್ರೀ ಥ್ರೋಗಳ ಮೆರವಣಿಗೆ. ರೆಫರಿ ಈ ಎರಡರ ನಡುವಿನ ಇಕ್ಕಟ್ಟಿನಲ್ಲಿ ಪ್ರತಿ ರಾತ್ರಿ ನಿಲ್ಲುತ್ತಾರೆ.

ಇಷ್ಟಕ್ಕೆ ಒಂದು ಬಲವಾದ ಆಕ್ಷೇಪವಿದೆ. ಎರಡನೇ ನಿಮಿಷದ ಟರ್ನೋವರ್‌ಗೆ ತಿದ್ದಿಕೊಳ್ಳಲು 38 ನಿಮಿಷವಿರುತ್ತದೆ, ಕೊನೆಯ ಸೆಕೆಂಡಿನ ತಪ್ಪು ಸೀಟಿಗೆ ಏನೂ ಇರುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಹೇಗೆ? ಇದಕ್ಕೆ ಉತ್ತರ ಹೇಳಲು 2019ರ ಏಪ್ರಿಲ್ 6ರ ಸೆಮಿಫೈನಲ್ ನೋಡಬೇಕು. ಮಿನಿಯಾಪೊಲಿಸ್‌ನಲ್ಲಿ ವರ್ಜೀನಿಯಾ ಮತ್ತು ಆಬರ್ನ್. ಐದು ನಿಮಿಷ ಚಿಲ್ಲರೆ ಉಳಿದಾಗ ವರ್ಜೀನಿಯಾ ಹತ್ತು ಅಂಕ ಮುಂದಿತ್ತು. ಆಬರ್ನ್ ಒಂದೇ ಸಮನೆ 14 ಅಂಕ ಹಾಕಿ 61-57 ಮಾಡಿತು. ವರ್ಜೀನಿಯಾದ ಕೈಲ್ ಗೈ ಮೂರು ಅಂಕ ಹಾಕಿ 61-60 ಮಾಡಿದರು. ಆಬರ್ನ್‌ನ ಜೇರೆಡ್ ಹಾರ್ಪರ್ ಎರಡು ಫ್ರೀ ಥ್ರೋಗಳಲ್ಲಿ ಒಂದನ್ನು ತಪ್ಪಿಸಿದರು: 62-60. ಆಮೇಲೆ ಚೆಂಡು ಹಿಡಿದು ಓಡಿದ ವರ್ಜೀನಿಯಾದ ಟೈ ಜೆರೋಮ್ ಕೈಯಿಂದ ಚೆಂಡು ಜಾರಿ ಅವರದೇ ಕಾಲಿಗೆ ಬಡಿಯಿತು. ಎರಡೂ ಕೈಯಲ್ಲಿ ಹಿಡಿದು ಮತ್ತೆ ಡ್ರಿಬಲ್ ಮಾಡಿದರು. ಅದು ಡಬಲ್ ಡ್ರಿಬಲ್, ಟರ್ನೋವರ್. ಸೀಟಿ ಬರಲಿಲ್ಲ. ರೀಪ್ಲೇ ನೋಡಿ ತಿದ್ದಬಹುದಾದ ತಪ್ಪುಗಳ ಪಟ್ಟಿಯಲ್ಲಿ ಅದು ಇರಲೂ ಇಲ್ಲ. ಕೊನೆಗೆ ಮೂಲೆಯಿಂದ ಗೈ ಎಸೆದಾಗ ಆಬರ್ನ್‌ನ ಸಮೀರ್ ಡೌಟಿ ಅವರ ಮೈ ತಾಗಿತು. ಈ ಸಲ ಸೀಟಿ ಬಂತು, ಗಡಿಯಾರದಲ್ಲಿ 0.6 ಸೆಕೆಂಡ್. ಗೈ ಮೂರೂ ಫ್ರೀ ಥ್ರೋ ಹಾಕಿದರು. ವರ್ಜೀನಿಯಾ 63-62.

ಆಬರ್ನ್ ಅಭಿಮಾನಿಯ ಸಂಕಟ ನಿಜ, ಅವರ ವಾದವೂ ಅರ್ಧ ನಿಜ. ಕೊನೆಯ ಕ್ಷಣದ ತೀರ್ಪಿಗೆ ತೂಕ ಹೆಚ್ಚು ಎಂಬುದನ್ನು ಒಪ್ಪಲೇಬೇಕು. ಆದರೆ ಆ ತೂಕ ಸೀಟಿಗೆ ಮಾತ್ರವಲ್ಲ, ಆ ಹೊತ್ತಿನ ಎಲ್ಲಕ್ಕೂ ಹೆಚ್ಚುತ್ತದೆ. ಹಾರ್ಪರ್ ತಪ್ಪಿಸಿದ ಆ ಒಂದು ಫ್ರೀ ಥ್ರೋ ಬುಟ್ಟಿಗೆ ಬಿದ್ದಿದ್ದರೆ ಗೈ ಮೂರು ಹಾಕಿದರೂ ಪಂದ್ಯ ಸಮವಾಗುತ್ತಿತ್ತೇ ಹೊರತು ಸೋಲಾಗುತ್ತಿರಲಿಲ್ಲ. ನೂರಕ್ಕೆ ಎಂಬತ್ತು ಹಾಕುವ ಆಟಗಾರ ಕೂಡ ಮೂರಕ್ಕೆ ಮೂರೂ ಹಾಕುವುದು ಎರಡು ಸಲಕ್ಕೆ ಒಮ್ಮೆ ಮಾತ್ರ; ಗೈ ಅಂಥ ಒತ್ತಡದಲ್ಲಿ ಹಾಕಿದರೆಂಬುದು ರೆಫರಿ ಕೊಟ್ಟ ಉಡುಗೊರೆಯಲ್ಲ. ಇನ್ನೂ ಒಂದಿದೆ. ಜೆರೋಮ್ ಚೆಂಡು ಕಳೆದುಕೊಳ್ಳುವ ಕ್ಷಣ ಆಬರ್ನ್‌ನ ಬ್ರೈಸ್ ಬ್ರೌನ್ ಜೆರೋಮ್ ಅವರ ಅಂಗಿ ಎಳೆದದ್ದೂ ಚಿತ್ರಗಳಲ್ಲಿ ಕಾಣುತ್ತದೆ. ಅದಕ್ಕೂ ಸೀಟಿ ಬರಲಿಲ್ಲ. ಕಾಣದೇ ಹೋದ ತಪ್ಪು ಒಂದಲ್ಲ, ಒಂದರ ಹಿಂದೆ ಒಂದರಂತೆ ಎರಡು. ಅಭಿಮಾನಿ ತನ್ನ ತಂಡಕ್ಕೆ ನೋವು ಕೊಟ್ಟದ್ದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾನೆ. ಗೈ ಎಸೆಯುವಾಗಿನ ಆ ಕೊನೆಯ ಫೌಲ್ ಮಾತ್ರ ಸರಿಯಾದ ತೀರ್ಪೇ ಆಗಿತ್ತು ಎಂದು ನನಗನ್ನಿಸುತ್ತದೆ; ಗಾಳಿಯಲ್ಲಿರುವ ಎಸೆಗಾರನ ಜಾಗಕ್ಕೆ ಕಾಯುವವನು ನುಗ್ಗಿದ್ದು ಸ್ಪಷ್ಟ, ರೆಫರಿಗಳ ರಾಷ್ಟ್ರೀಯ ಸಂಯೋಜಕರೂ ಅದನ್ನೇ ಹೇಳಿದರು.

ಆಗಿನ ವರ್ಜೀನಿಯಾದಂಥ, ನಿಧಾನವಾಗಿ ಆಡುವ ತಂಡ ಈ ಅಪಾಯವನ್ನು ತಾನೇ ಹೊತ್ತುಕೊಳ್ಳುತ್ತದೆ ಎಂಬುದನ್ನೂ ಇಲ್ಲೇ ಹೇಳಬೇಕು, ಏಕೆಂದರೆ ಪ್ಯಾಕ್ ಲೈನ್ ಆಡಿದರೆ ಸೀಟಿಯ ಭಯವಿಲ್ಲ ಎಂದು ಯಾರಾದರೂ ತಿಳಿದಾರು. ಸರದಿಗಳು 75 ಇದ್ದಲ್ಲಿ ಒಂದು ತಪ್ಪು ತೀರ್ಪಿನ ತೂಕಕ್ಕಿಂತ 60 ಇದ್ದಲ್ಲಿ ಅದೇ ತೀರ್ಪಿನ ತೂಕ ಹೆಚ್ಚು. ಪ್ರೆಸ್ ಆಡುವವರು ಸೀಟಿಗಳ ಸಂಖ್ಯೆ ಹೆಚ್ಚಿಸಿಕೊಳ್ಳುತ್ತಾರೆ. ನಿಧಾನ ಆಡುವವರು ಪ್ರತಿ ಸೀಟಿಯ ಬೆಲೆ ಹೆಚ್ಚಿಸಿಕೊಳ್ಳುತ್ತಾರೆ. ಸರದಿ ಕಡಿಮೆಯಾದಷ್ಟೂ ಅದೃಷ್ಟಕ್ಕೆ ಜಾಗ ಹೆಚ್ಚು. 2018ರ ಮಾರ್ಚ್ 16ರಂದು ಇದೇ ವರ್ಜೀನಿಯಾ, ಅಗ್ರ ಶ್ರೇಯಾಂಕದ ತಂಡವಾಗಿ, 16ನೇ ಶ್ರೇಯಾಂಕದ ಮೇರಿಲ್ಯಾಂಡ್ ಬಾಲ್ಟಿಮೋರ್ ಕೌಂಟಿ ತಂಡಕ್ಕೆ 74-54ರಿಂದ ಸೋತಿತ್ತು. ಪುರುಷರ ಪಂದ್ಯಾವಳಿಯಲ್ಲಿ ಅಂಥದ್ದು ಅದೇ ಮೊದಲು. ಅರ್ಧ ಆಟಕ್ಕೆ 21-21 ಇತ್ತು, ಉಳಿದರ್ಧದಲ್ಲಿ ವರ್ಜೀನಿಯಾ 53 ಅಂಕ ಬಿಟ್ಟುಕೊಟ್ಟಿತು. ಇಪ್ಪತ್ತು ಅಂಕದ ಆ ಸೋಲಿಗೆ ಯಾವ ಸೀಟಿಯೂ ಕಾರಣವಾಗಿರಲಿಲ್ಲ.

ಅಭಿಮಾನಿಯ ಕಣ್ಣನ್ನು ಎಷ್ಟು ನಂಬಬಹುದು ಎಂಬುದಕ್ಕೆ ಹಳೆಯದೊಂದು ಅಧ್ಯಯನ ಇನ್ನೂ ಹೊಸದಾಗಿಯೇ ಇದೆ. 1951ರ ನವೆಂಬರ್‌ನಲ್ಲಿ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮೌತ್ ಕಾಲೇಜುಗಳ ನಡುವೆ ಅಮೆರಿಕನ್ ಫುಟ್‌ಬಾಲ್‌ನ ಒರಟು ಪಂದ್ಯ ನಡೆಯಿತು. ಆಲ್ಬರ್ಟ್ ಹೇಸ್ಟಾರ್ಫ್ ಮತ್ತು ಹ್ಯಾಡ್ಲಿ ಕ್ಯಾಂಟ್ರಿಲ್ ಎರಡೂ ಕಾಲೇಜಿನ ವಿದ್ಯಾರ್ಥಿಗಳಿಗೆ ಅದೇ ಪಂದ್ಯದ ಚಿತ್ರ ತೋರಿಸಿ ತಪ್ಪುಗಳನ್ನು ಎಣಿಸಲು ಹೇಳಿದರು. ಡಾರ್ಟ್‌ಮೌತ್ ತಂಡ ಮಾಡಿದ ತಪ್ಪುಗಳನ್ನು ಪ್ರಿನ್ಸ್‌ಟನ್‌ನವರು ಡಾರ್ಟ್‌ಮೌತ್‌ನವರಿಗಿಂತ ಎರಡು ಪಟ್ಟಿಗೂ ಹೆಚ್ಚು ಎಣಿಸಿದರು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಕಂಡದ್ದನ್ನೇ ಬರೆದರು, ಕಂಡದ್ದೇ ಬೇರೆ. ಚೆಂಡಿನ ಜೊತೆಗೆ ಓಡುವ ನಮ್ಮ ಕಣ್ಣಿಗೆ ಒಳ್ಳೆಯ ಡಿಫೆನ್ಸ್ ಕಾಣುವುದೂ ಇಲ್ಲ. ಸಂದಿ ಮುಚ್ಚಲು ಎರಡು ಹೆಜ್ಜೆ ಪಕ್ಕಕ್ಕೆ ಸರಿದವನಿಗೆ ಅಂಕಿಪಟ್ಟಿಯಲ್ಲಿ ಜಾಗವಿಲ್ಲ. ಸೀಟಿ ಮಾತ್ರ ಎಲ್ಲರಿಗೂ ಕೇಳಿಸುತ್ತದೆ, ಹಾಗಾಗಿ ಮಾತೆಲ್ಲ ಅದರ ಸುತ್ತಲೇ.

ಹಾಗಾದರೆ ರೆಫರಿಗಳನ್ನು ಪ್ರಶ್ನಿಸಲೇಬಾರದೇ? ಪ್ರಶ್ನಿಸಬೇಕು. ಊರಿನ ತಂಡಕ್ಕೆ ಸೀಟಿ ಮೆದುವಾಗುವುದು ಅಳೆದು ಕಂಡ ಸತ್ಯ. ಬ್ರಿಟನ್ನಿನಲ್ಲಿ 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಫುಟ್‌ಬಾಲ್ ರೆಫರಿಗಳಿಗೆ ಒಂದೇ ಪಂದ್ಯದ ದೃಶ್ಯಗಳನ್ನು ಕೆಲವರಿಗೆ ಪ್ರೇಕ್ಷಕರ ಗದ್ದಲದೊಡನೆ, ಕೆಲವರಿಗೆ ಸದ್ದಿಲ್ಲದೆ ತೋರಿಸಿದರು. ಗದ್ದಲ ಕೇಳಿಸಿಕೊಂಡವರು ಊರಿನ ತಂಡದ ಮೇಲೆ ಸುಮಾರು 15 ಪ್ರತಿಶತ ಕಡಿಮೆ ಫೌಲ್ ಕೊಟ್ಟರು. ಕ್ರಿಕೆಟ್ ಇದೇ ಅನುಮಾನಕ್ಕೆ ಮದ್ದಾಗಿ ತಟಸ್ಥ ಅಂಪೈರ್‌ಗಳನ್ನು ತಂದಿತು, ಆಮೇಲೆ ಡಿಆರ್‌ಎಸ್ ತಂದಿತು. ಅಮೆರಿಕದ ಕಾಲೇಜು ಆಟದಲ್ಲೂ 2025-26ರಿಂದ ಪುರುಷರ ಪಂದ್ಯಗಳಲ್ಲಿ ಕೋಚ್‌ಗಳಿಗೆ ಕೆಲವು ಬಗೆಯ ತೀರ್ಪುಗಳನ್ನು ಪ್ರಶ್ನಿಸುವ ಅವಕಾಶ ಸಿಕ್ಕಿದೆ. ಇಂಥ ಬದಲಾವಣೆ ಬರುವುದು ಜನ ಕೇಳಿದ್ದರಿಂದಲೇ. ಆದರೆ ಕೇಳುವುದಕ್ಕೂ ಕಾಡುವುದಕ್ಕೂ ಅಂತರವಿದೆ. 2017ರ ಮಾರ್ಚ್‌ನಲ್ಲಿ ಕೆಂಟಕಿ ತಂಡ ನಾರ್ತ್ ಕೆರೊಲಿನಾಕ್ಕೆ 75-73ರಿಂದ ಸೋತ ಮೇಲೆ, ಆ ಪಂದ್ಯದ ಒಬ್ಬ ರೆಫರಿಯ ಚಾವಣಿ ಕೆಲಸದ ಕಂಪನಿಗೆ ಬೆದರಿಕೆಯ ಕರೆಗಳು ಸುರಿದವು, ಅದರ ಹೆಸರು ಕೆಡಿಸುವ ಸುಳ್ಳು ವಿಮರ್ಶೆಗಳು ಸಾಲುಗಟ್ಟಿದವು. ಕಾಲೇಜು ರೆಫರಿಗಳು ಪಂದ್ಯಕ್ಕಿಷ್ಟು ಎಂದು ಗುತ್ತಿಗೆಯ ಮೇಲೆ ಬರುವವರು. ಅನೇಕರಿಗೆ ಹಗಲು ಹೊತ್ತು ಬೇರೆ ಉದ್ಯೋಗ ಇದೆ. ಮನುಷ್ಯನ ಹೊಟ್ಟೆಪಾಡಿನ ಮೇಲೆ ಕೈಹಾಕುವ ಸಿಟ್ಟನ್ನು ಯಾವ ಸೋಲೂ ಸಮರ್ಥಿಸದು.

2024ರ ಏಪ್ರಿಲ್ 5ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದ ಮಹಿಳೆಯರ ಸೆಮಿಫೈನಲ್ ಈ ಮಾತಿಗೆ ಇನ್ನೊಂದು ಮುಖ ಕೊಟ್ಟಿತು. ಅಯೋವಾ ಒಂದು ಅಂಕ ಮುಂದಿದೆ, ಕನೆಕ್ಟಿಕಟ್ ಕೈಯಲ್ಲಿ ಚೆಂಡು, 3.9 ಸೆಕೆಂಡ್ ಉಳಿದಿದೆ. ಸಂಗಾತಿಗೆ ದಾರಿ ಮಾಡಿಕೊಡಲು ಅಡ್ಡ ನಿಂತ ಆಲಿಯಾ ಎಡ್ವರ್ಡ್ಸ್ ಅಲುಗಾಡಿದರೆಂದು ಅವರ ಮೇಲೆ ಫೌಲ್. ಗೆಲುವಿನ ಎಸೆತ ಎಸೆಯುವ ಅವಕಾಶವೇ ಇಲ್ಲದೆ ಕನೆಕ್ಟಿಕಟ್ 71-69ರಿಂದ ಸೋತಿತು. ದೇಶವೆಲ್ಲ ಆ ಸೀಟಿಯ ಬಗ್ಗೆ ಮಾತಾಡುತ್ತಿದ್ದಾಗ ಸೋತ ತಂಡದ ಪೇಜ್ ಬೆಕರ್ಸ್, ಒಂದೇ ಒಂದು ಘಟನೆಯಿಂದ ಪಂದ್ಯ ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ ಎಂಬ ಅರ್ಥದ ಮಾತು ಹೇಳಿದರು. ಅಂಕಣದೊಳಗೆ ನಿಂತವರಿಗೆ ಉಳಿದ 39 ನಿಮಿಷ ನೆನಪಿರುತ್ತದೆ.

ಬಾಸ್ಕೆಟ್‌ಬಾಲ್ ಹುಟ್ಟಿಸಿದ ಜೇಮ್ಸ್ ನೈಸ್ಮಿತ್ 1891ರ ಡಿಸೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಬರೆದ 13 ನಿಯಮಗಳಲ್ಲಿ ಇಬ್ಬರು ತೀರ್ಪುಗಾರರಿದ್ದರು. ಅಂಪೈರ್ ಮನುಷ್ಯರನ್ನು ನೋಡಬೇಕು, ರೆಫರಿ ಚೆಂಡನ್ನು ನೋಡಬೇಕು. ಒಬ್ಬರಿಗೇ ಎರಡೂ ಕಾಣದು ಎಂದು ಮೊದಲ ದಿನವೇ ತಿಳಿದಿತ್ತು. ಇಂದು ಮೂವರಿದ್ದಾರೆ. ಗ್ಲೆಂಡೇಲ್‌ನ ಆ ಕ್ಷಣ ಚೆಂಡಿನ ಮೇಲಿದ್ದ ಕೈಗಳು ಕಂಡವು, ಗೆರೆಯಾಚೆ ಊರಿದ ಅಂಗೈ ಕಾಣಲಿಲ್ಲ. ಅದು ತಪ್ಪೇ. ಆದರೆ ಅದರ ನಂತರ, 68-65 ಇದ್ದಾಗ, ಗೊನ್ಝಾಗಾಕ್ಕೆ ಇನ್ನೊಂದು ಸರದಿ ಸಿಕ್ಕಿತ್ತು. ಕಾಲು ಉಳುಕಿದ್ದರೂ ನೈಜೆಲ್ ವಿಲಿಯಮ್ಸ್-ಗಾಸ್ ಒಳನುಗ್ಗಿ ಎಸೆದರು. ಚೆಂಡು ಬೆರಳು ಬಿಟ್ಟು ಮೇಲೇರುತ್ತಿದ್ದಂತೆ ಕೆನಡಿ ಮೀಕ್ಸ್ ಕೈ ಚಾಚಿ ಅದನ್ನು ತಡೆದರು. ಮೈ ತಾಗಲಿಲ್ಲ, ಯಾವ ಸೀಟಿಯೂ ಬರಲಿಲ್ಲ. ಆ ಚೆಂಡು ನಾರ್ತ್ ಕೆರೊಲಿನಾದ ಜಸ್ಟಿನ್ ಜಾಕ್ಸನ್ ಕೈ ಸೇರಿ, ಅಂಕಣದ ಆ ತುದಿಯ ಬುಟ್ಟಿಯೊಳಗೆ ಮೇಲಿನಿಂದ ಬಿತ್ತು. 70-65.